ವಯಸ್ಕ ಬೌದ್ಧಿಕ ವಿಕಲರ ಹಗಲು ಕೇಂದ್ರದಲ್ಲಿ ವಾರದ ಕಾರ್ಯಕ್ರಮ

ಬೌದ್ಧಿಕ ವಿಕಲತೆಯುಳ್ಳ ಮಕ್ಕಳ ಶಿಕ್ಷಣವನ್ನು ಕುರಿತು ನಮ್ಮ ದೇಶದಲ್ಲಿ ಈಗ ಸಾಕಷ್ಟು ವಿಚಾರ ನಡೆದಿದೆ. ಶಿಕ್ಷಕರ ತರಬೇತಿಗೂ ಪಠ್ಯಕ್ರಮಕ್ಕೂ ಒಂದು ವ್ಯವಸ್ಥೆ ಏರ್ಪಟ್ಟಿದೆ. ಆದರೆ ಆ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಏನು ಮಾಡಬೇಕೆಂಬ ಪ್ರಶ್ನೆಗೆ ನಮ್ಮಲ್ಲಿ ದೊರೆತಿರುವ ಉತ್ತರ ತೀರ ಅಲ್ಪವಾದುದು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 31ನೆಯ ಪ್ರಕರಣವು, ನಿಗದಿತ ಪ್ರಮಾಣದ ವಿಕಲತೆಯುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಹತ್ತೊಂಬತ್ತನೆಯ ವರ್ಷ ಹಿಡಿದವನಿಗೆ ಹಗಲನ್ನು ಕಳೆಯಲು ಇಂಥದೊಂದು ಸ್ಥಳ ದೊರೆಯಲೇಬೇಕೆಂಬ ಹಕ್ಕು ಅಷ್ಟೇ ಸ್ಪಷ್ಟವಾಗಿ ಎಲ್ಲಿಯೂ ಇಲ್ಲ. 2011ರ ಜನಗಣತಿಯು ದೇಶದಲ್ಲಿ ಇಂಥ ವಿಕಲತೆಯುಳ್ಳವರು ಸುಮಾರು 15 ಲಕ್ಷ ಮಂದಿ ಎಂದು ಲೆಕ್ಕಹಾಕಿತು. ಇವರಲ್ಲಿ ಶಾಲೆಯ ವಯಸ್ಸು ಮೀರಿದವರ ಹಗಲುಗಳು ಬಹುಮಟ್ಟಿಗೆ ಮನೆಯ ಜಗಲಿಯ ಮೇಲೋ ದೂರದರ್ಶನದ ಮುಂದೋ ಕಳೆಯುತ್ತವೆ. ಅವರೊಡನೆ ತಾಯಿಯ ಹಗಲೂ ಕಳೆಯುತ್ತದೆ ಎಂಬುದನ್ನು ಮರೆಯಲಾಗದು.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತಿರುವುವು ಸ್ವಯಂಸೇವಾ ಸಂಸ್ಥೆಗಳೂ ತಂದೆತಾಯಿಗಳ ಸಂಘಗಳೂ ನಡೆಸುವ ಹಗಲು ಕೇಂದ್ರಗಳು. ಇವುಗಳ ಸ್ವರೂಪವನ್ನು ತಿಳಿಯಲು ಅವುಗಳ ಧ್ಯೇಯೋದ್ದೇಶಗಳ ಪತ್ರಿಕೆಯನ್ನು ಓದುವುದಕ್ಕಿಂತ ಗೋಡೆಯ ಮೇಲೆ ತೂಗಿರುವ ವಾರದ ವೇಳಾಪಟ್ಟಿಯನ್ನು ಓದುವುದು ಮೇಲು. ಧ್ಯೇಯಗಳು ಎಲ್ಲ ಕಡೆಯೂ ಒಂದೇ ಬಗೆಯಾಗಿರುತ್ತವೆ. ವೇಳಾಪಟ್ಟಿಗಳು ಮಾತ್ರ ಕೇಂದ್ರದಿಂದ ಕೇಂದ್ರಕ್ಕೆ ಬೇರೆಯಾಗುತ್ತವೆ.

ವಾರವೆಂಬುದಕ್ಕೆ ಇಷ್ಟು ಮಹತ್ತ್ವವೇಕೆ ಎಂದು ಕೇಳಬಹುದು. ಸ್ವೀಡನ್ನಿನ ಬೆಂಗ್ಟ್ ನೀರ್ಯೆ ಎಂಬವನು 1969ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ಸಾಮಾನ್ಯ ಜೀವನಕ್ಕೆ ಒಂದು ಲಯವಿದೆ, ಆ ಲಯವು ವಿಕಲರಿಗೂ ದೊರೆಯಬೇಕು ಎಂದು ವಾದಿಸಿದನು. ಬೆಳಗ್ಗೆ ಏಳುವುದು, ಉಡುಪು ಧರಿಸುವುದು, ಒಂದೆಡೆ ವಾಸ, ಇನ್ನೊಂದೆಡೆ ಕೆಲಸ, ಮತ್ತೊಂದೆಡೆ ವಿನೋದ, ವರ್ಷಕ್ಕೊಮ್ಮೆ ಹಬ್ಬ ಮತ್ತು ಪ್ರವಾಸ: ಇವೆಲ್ಲ ನಮಗೆ ಗಾಳಿ ನೀರುಗಳಂತೆ ಸಹಜವಾಗಿರುವುದರಿಂದ ಅವುಗಳ ಬೆಲೆ ನಮಗೆ ತಿಳಿಯುವುದಿಲ್ಲ. ದೊಡ್ಡ ದೊಡ್ಡ ಆಶ್ರಯಾಲಯಗಳಲ್ಲಿ ಉಣ್ಣುವುದು, ಮಲಗುವುದು, ಕೂರುವುದು ಎಲ್ಲವೂ ಒಂದೇ ಸೂರಿನ ಕೆಳಗೆ ನಡೆದು, ಸೋಮವಾರಕ್ಕೂ ಗುರುವಾರಕ್ಕೂ ಭೇದವೇ ಇಲ್ಲದೆ ಹೋಗಿದ್ದುದನ್ನು ಕಂಡು ನೀರ್ಯೆ ಹೀಗೆ ಬರೆದನು. ಡೆನ್ಮಾರ್ಕಿನಲ್ಲಿ ಇದಕ್ಕಿಂತ ಹತ್ತು ವರ್ಷ ಮೊದಲೇ, 1959ರ ಕಾನೂನಿನಲ್ಲಿ, ಈ ಜನರ ಬಾಳು ಆದಷ್ಟು ಸಾಮಾನ್ಯರ ಬಾಳಿನಂತಿರಬೇಕೆಂಬ ಭಾವನೆ ಕಾಣಿಸಿಕೊಂಡಿತ್ತು. ಮುಂದೆ ಸ್ವೀಡನ್ನಿನಲ್ಲಿ 1993ರಲ್ಲಿ ಅಂಗೀಕೃತವಾಗಿ ಮರುವರ್ಷ ಜಾರಿಗೆ ಬಂದ ಶಾಸನವು, ಉದ್ಯೋಗವಾಗಲಿ ವ್ಯಾಸಂಗವಾಗಲಿ ಇಲ್ಲದ ಬೌದ್ಧಿಕ ವಿಕಲ ವಯಸ್ಕನಿಗೆ ಹಗಲಿನ ಚಟುವಟಿಕೆಯನ್ನು ಒಂದು ಹಕ್ಕನ್ನಾಗಿಯೇ ಮಾಡಿತು.

ನಮ್ಮ ಭಾಷೆಯಲ್ಲಿ ‘ವಾರ’ ಎಂಬ ಮಾತು ಏಳು ದಿನಗಳ ಅವಧಿಗೂ ಆ ಏಳರಲ್ಲಿ ಒಂದೊಂದು ದಿನಕ್ಕೂ ಸಲ್ಲುತ್ತದೆ. ನಮ್ಮ ಹಳ್ಳಿಗಳಲ್ಲಿ ವಾರವನ್ನು ಜನರು ಪಂಚಾಂಗದಿಂದ ಕಲಿತವರಲ್ಲ. ಸಂತೆಯಿಂದಲೂ ದೇವರ ವಾರದಿಂದಲೂ ಕಲಿತವರು. ಅಕ್ಷರ ಬಾರದವನಿಗೂ ಅಂಕಿ ತಿಳಿಯದವನಿಗೂ ಸಂತೆಯ ದಿನ ಯಾವುದೆಂದು ತಿಳಿದಿರುತ್ತದೆ. ಹಗಲು ಕೇಂದ್ರದ ವೇಳಾಪಟ್ಟಿ ಮಾಡಬೇಕಾದುದೂ ಇದನ್ನೇ: ಒಂದೊಂದು ದಿನಕ್ಕೂ ಅದರದೇ ಆದ ರುಚಿ, ವಾಸನೆ, ಸದ್ದು ಇರುವಂತೆ ನೋಡಿಕೊಳ್ಳುವುದು. ಓದಲಾರದವರಿಗಾಗಿ ದಿನದ ಕೆಲಸಗಳನ್ನು ಚಿತ್ರಗಳ ಮೂಲಕ ಸಾಲಾಗಿ ತೋರಿಸುವ ಪದ್ಧತಿಯೊಂದುಂಟು. ಸ್ವಲೀನತೆಯುಳ್ಳವರಿಗಾಗಿ ಅಮೆರಿಕದ ಉತ್ತರ ಕ್ಯಾರೊಲೈನ ವಿಶ್ವವಿದ್ಯಾನಿಲಯದ ಕಾರ್ಯಕ್ರಮದಲ್ಲಿ 1970ರ ದಶಕದಿಂದ ಇದು ಬಹಳವಾಗಿ ಬೆಳೆಯಿತು. ಮುಂದೇನು ಎಂಬುದು ತಿಳಿಯದಿರುವಾಗ ಉಂಟಾಗುವ ತಳಮಳ ಇದರಿಂದ ಎಷ್ಟೋ ಕಡಿಮೆಯಾಗುವುದು. ಭಾನುವಾರದ ಬಿಡುವಿನ ಮೇಲೆ ಬರುವ ಸೋಮವಾರ ಬೆಳಗ್ಗೆ ಹಾಜರಿ ಹಿಡಿಯುವಾಗ ಪ್ರತಿಯೊಬ್ಬನೂ ತನ್ನ ಭಾವಚಿತ್ರವನ್ನು ತಾನೇ ತೆಗೆದು ಹಲಗೆಯ ಮೇಲೆ ಸಿಕ್ಕಿಸುವ ರೂಢಿ, ನೋಡಲು ಆಟದಂತಿದ್ದರೂ, ‘ನಾನು ಬಂದಿದ್ದೇನೆ’ ಎಂಬ ಘೋಷಣೆಯೇ ಆಗಿದೆ.

ವಾರದ ಕಾರ್ಯಗಳಲ್ಲಿ ಅತ್ಯಂತ ಫಲಪ್ರದವಾದುದು ಅಡುಗೆಯ ದಿನವೆಂದು ನನ್ನ ಅಭಿಪ್ರಾಯ. ಚಿತ್ರಾನ್ನವನ್ನೇ ತೆಗೆದುಕೊಳ್ಳೋಣ. ಅಕ್ಕಿ ಆರಿಸುವುದು, ಅಳೆಯುವುದು, ತೊಳೆಯುವುದು, ಬೇಯಿಸುವುದು, ಅನ್ನವನ್ನು ಆರಲು ಹರವುವುದು, ಮೆಣಸಿನಕಾಯಿ ಹೆಚ್ಚುವುದು, ಒಗ್ಗರಣೆ ಹಾಕುವುದು, ನಿಂಬೆಹಣ್ಣು ಹಿಂಡುವುದು, ಕಲಸುವುದು, ಬಡಿಸುವುದು, ಪಾತ್ರೆ ತೊಳೆದಿಡುವುದು: ಹೀಗೆ ಒಂದು ಕಾರ್ಯವನ್ನು ಬಿಡಿಸಿದಾಗ ಅದರೊಳಗೆ ಎಷ್ಟೊಂದು ಬಿಡಿ ಕೌಶಲಗಳಿವೆ ಎಂಬುದು ಗೋಚರವಾಗುತ್ತದೆ. ಇದನ್ನು ಕಾರ್ಯ ವಿಶ್ಲೇಷಣೆ ಎನ್ನುತ್ತಾರೆ. ಕಲಿಸುವವರು ಅನೇಕ ವೇಳೆ ಕೊನೆಯ ಹೆಜ್ಜೆಯಿಂದ ಪ್ರಾರಂಭಿಸುವುದುಂಟು. ಮೊದಲಿನದೆಲ್ಲವನ್ನೂ ತಾವು ಮಾಡಿ, ಕಲಸುವುದೊಂದನ್ನು ಮಾತ್ರ ಕಲಿಯುವವನಿಗೆ ಬಿಡುತ್ತಾರೆ. ಅದು ಕೈವಶವಾದ ಮೇಲೆ ನಿಂಬೆ ಹಿಂಡುವುದನ್ನೂ ಬಿಡುತ್ತಾರೆ. ಹೀಗೆ ಹಿಂದುಹಿಂದಕ್ಕೆ ಸರಿಯುವುದರಿಂದ ಆಗುವ ಲಾಭವೆಂದರೆ, ಪ್ರತಿ ಸಲವೂ ಕೆಲಸವು ಕಲಿಯುವವನ ಕೈಯಲ್ಲಿಯೇ ಪೂರ್ಣವಾಗುತ್ತದೆ. ಮುಗಿಸಿದ ತೃಪ್ತಿ ಮೊದಲನೆಯ ದಿನದಿಂದಲೇ ಅವನಿಗೆ ಸಲ್ಲುತ್ತದೆ.

ಒಲೆಯ ವಿಷಯ ಬಂದಾಗ ಮಾತ್ರ ಅನೇಕ ಕೇಂದ್ರಗಳು ಹಿಂಜರಿಯುತ್ತವೆ. ಚಾಕು, ಬೆಂಕಿ, ಕಾದ ಎಣ್ಣೆ ಇವುಗಳ ಸನಿಹಕ್ಕೆ ಇಪ್ಪತ್ತು ವರ್ಷ ಕಳೆದರೂ ಬಿಡದಿರುವ ಕೇಂದ್ರಗಳುಂಟು. ಅಮೆರಿಕದ ರಾಬರ್ಟ್ ಪರ್ಸ್ಕೆ 1972ರಲ್ಲಿ ಈ ಅತಿ ರಕ್ಷಣೆಯನ್ನು ವಿಚಾರಕ್ಕೆ ತಂದು, ಅಪಾಯವನ್ನು ಎದುರಿಸುವುದರಲ್ಲಿಯೂ ಮನುಷ್ಯನ ಘನತೆಯೊಂದುಂಟು ಎಂಬ ವಾದವನ್ನು ಮಂಡಿಸಿದನು. ಇದನ್ನು ಒಪ್ಪುವುದು ಸುಲಭ, ನಡೆಸುವುದು ಕಷ್ಟ. ಅಪಸ್ಮಾರದ ಸೆಳವು ಬರುವವನನ್ನು ಒಲೆಯ ಮುಂದೆ ಒಬ್ಬನನ್ನೇ ನಿಲ್ಲಿಸುವುದು ವಿವೇಕವಲ್ಲ. ಆದರೆ ಆ ಒಬ್ಬನ ಸಲುವಾಗಿ ಇಪ್ಪತ್ತು ಮಂದಿಯನ್ನೂ ಒಲೆಯಿಂದ ದೂರವಿಡುವುದು ವಿವೇಕವೆಂದು ಹೇಳಲು ಬರುವುದಿಲ್ಲ.

ಸಂತೆಗೆ ಅಥವಾ ಅಂಗಡಿಗೆ ಹೋಗುವ ದಿನವೂ ಇದೇ ಪಾಠದ ಮುಂದುವರಿಕೆ. ಅಡುಗೆಗೆ ಬೇಕಾದ ನಿಂಬೆಹಣ್ಣು, ಕೊತ್ತಂಬರಿ ಸೊಪ್ಪುಗಳನ್ನು ತಾವೇ ಆರಿಸಿ, ಹಣ ಕೊಟ್ಟು, ಚಿಲ್ಲರೆ ಪಡೆಯಬೇಕು. ಹಿಂದೆ ನಾಣ್ಯ ನೋಟುಗಳ ಬಣ್ಣ, ಗಾತ್ರಗಳ ಆಧಾರದಿಂದ ಈ ಪಾಠ ನಡೆಯುತ್ತಿತ್ತು. ಸೊಪ್ಪು ಮಾರುವಾಕೆಯೂ ಮೊಬೈಲಿನ ಚೌಕುಳಿ ಚಿತ್ರವನ್ನು ಮುಂದಿಡುವ ಈ ಕಾಲದಲ್ಲಿ ಕೈಯಿಂದ ಕೈಗೆ ಹೋಗುವ ಹಣವೇ ಕಣ್ಣಿಗೆ ಬೀಳದಂತಾಗುತ್ತಿದೆ. ಕಾಣದ ಹಣವನ್ನು ಎಣಿಸಲು ಕಲಿಸುವುದು ಹೇಗೆಂಬುದು ವಿಶೇಷ ಶಿಕ್ಷಣದ ಹೊಸ ಸಮಸ್ಯೆ. ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಸಂಶೋಧನೆಗೆ ಎತ್ತಿಕೊಳ್ಳಲು ಯೋಗ್ಯವಾದುದು.

ವ್ಯಾಯಾಮ, ಹಾಡು, ಚಿತ್ರಕಲೆಗಳು ಎಲ್ಲ ವೇಳಾಪಟ್ಟಿಗಳಲ್ಲಿಯೂ ಇರುತ್ತವೆ. ಅವುಗಳನ್ನು ಕುರಿತು ವಿಸ್ತರಿಸಬೇಕಾಗಿಲ್ಲ. ಒಂದು ಮಾತು ಮಾತ್ರ ಅವಶ್ಯ. ನಲವತ್ತು ವರ್ಷದ ಗೃಹಸ್ಥನ ವಯಸ್ಸಿನವರಿಂದ ಶಿಶುವಿಹಾರದ ಪದ್ಯಗಳನ್ನು ಹಾಡಿಸುವುದು, ಅವರನ್ನು ‘ಮಕ್ಕಳು’ ಎಂದು ಕರೆಯುವುದು, ಏಕವಚನದಲ್ಲಿ ಗದರುವುದು ನಮ್ಮಲ್ಲಿ ಪ್ರೀತಿಯ ಹೆಸರಿನಲ್ಲಿ ನಡೆದುಬಂದಿದೆ. ನ್ಯಾಷನಲ್ ಟ್ರಸ್ಟ್ ರೂಪಿಸಿದ ‘ವಿಕಾಸ್’ ಎಂಬ ಹಗಲು ಪಾಲನಾ ಯೋಜನೆಯೂ 10 ವರ್ಷ ಮೀರಿದವರೆಲ್ಲರನ್ನು ಒಂದೇ ಗುಂಪಿಗೆ ಸೇರಿಸಿತು. ಹತ್ತರ ಬಾಲಕನಿಗೂ ಐವತ್ತರ ವೃದ್ಧಪ್ರಾಯನಿಗೂ ಒಂದೇ ವಾರ ಹೊಂದುವುದೆಂತು? ಡೌನ್ ಲಕ್ಷಣವುಳ್ಳವರಲ್ಲಿ ಮರೆವಿನ ರೋಗವು ಇತರರಿಗಿಂತ ಬಹಳ ಬೇಗ, ಅನೇಕ ವೇಳೆ ಐವತ್ತರ ಸುಮಾರಿಗೇ, ಕಾಣಿಸಿಕೊಳ್ಳುತ್ತದೆ. ನಿನ್ನೆಯವರೆಗೆ ಮಾಡುತ್ತಿದ್ದ ಕೆಲಸವನ್ನು ಇಂದು ಮರೆಯುವವರನ್ನು ಸೋಮಾರಿತನದ ಆರೋಪದಿಂದ ಕಾಪಾಡಲು ಕೇಂದ್ರದವರಿಗೆ ಈ ತಿಳಿವಳಿಕೆ ಇರಲೇಬೇಕು.

ಇನ್ನು ದುಡಿಮೆಯ ವಿಷಯ. ಕರ್ನಾಟಕದ ಕೇಂದ್ರಗಳಲ್ಲಿ ಕಾಗದದ ಚೀಲ, ಲಕೋಟೆ, ಹೂಬತ್ತಿ, ಮೇಣದ ಬತ್ತಿ, ಕಾಲೊರಸು, ದೀಪಾವಳಿಗೆ ಬಣ್ಣದ ಹಣತೆ ಮೊದಲಾದುವು ತಯಾರಾಗುತ್ತವೆ. ಇವರಿಂದ ಇಷ್ಟೇ ಸಾಧ್ಯವೆಂಬ ನಂಬಿಕೆ ಇದರ ಹಿಂದೆ ಇರುವುದಾದರೆ ಅದು ಎಂದೋ ಸುಳ್ಳಾಗಿದೆ. ಇಂಗ್ಲೆಂಡಿನಲ್ಲಿ ಕ್ಲಾರ್ಕ್ ಮತ್ತು ಹರ್ಮೆಲಿನ್ 1955ರಲ್ಲಿಯೇ, ತೀವ್ರ ವಿಕಲತೆಯುಳ್ಳವರೆಂದು ಪರಿಗಣಿತರಾದ ವಯಸ್ಕರಿಗೆ ತಂತಿಗಳ ಬೆಸುಗೆ, ಸೈಕಲ್ ಪಂಪಿನ ಜೋಡಣೆಯಂತಹ ಕಾರ್ಯಗಳನ್ನು ಕಲಿಸಿ, ಮೊದಲ ದಿನದ ತಡವರಿಕೆಯಿಂದ ಕೊನೆಯ ಸಾಮರ್ಥ್ಯವನ್ನು ಅಳೆಯಲಾಗದೆಂದು ತೋರಿಸಿದರು. ಅಮೆರಿಕದ ಮಾರ್ಕ್ ಗೋಲ್ಡ್ 1972ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹದಿನೈದು ಬಿಡಿಭಾಗಗಳ ಸೈಕಲ್ ಬ್ರೇಕನ್ನು ಇಂಥವರಿಂದಲೇ ಜೋಡಿಸಿದನು. ಪ್ರತಿ ಭಾಗವನ್ನು ಇಡುವಾಗ ಮೇಲುಮುಖವಾಗಿರಬೇಕಾದ ಕಡೆಗೆ ಬಣ್ಣ ಬಳಿದುದರಿಂದ ಕಲಿಕೆ ತ್ವರಿತವಾಯಿತು. ಕಲಿಯದಿದ್ದರೆ ದೋಷ ಕಲಿಯುವವನದಲ್ಲ, ಕಲಿಸುವ ವಿಧಾನವನ್ನು ಬದಲಾಯಿಸಬೇಕು ಎಂಬುದು ಅವನ ನಿಲುವಾಗಿತ್ತು.

ಹಾಗಾದರೆ ಬತ್ತಿ ಹೊಸೆಯುವುದು ಬೇಡವೆ? ಬೇಡವೆಂದು ಹೇಳಲಾಗದು. ಕೊಳ್ಳುವವರಿರುವ ವಸ್ತುವನ್ನು ಮಾಡುವುದರಲ್ಲಿ ಗೌರವವಿದೆ. ಆಕ್ಷೇಪಣೆ ಇರುವುದು ಎರಡು ಕಡೆ. ಒಬ್ಬನು ಹದಿನೈದು ವರ್ಷ ‘ತರಬೇತಿ’ಯಲ್ಲಿಯೇ ಇದ್ದರೆ ಆ ತರಬೇತಿ ಯಾವುದಕ್ಕಾಗಿ ಎಂಬುದು ಮೊದಲನೆಯದು. ಬ್ರಿಟನ್ನಿನ ವಯಸ್ಕ ತರಬೇತಿ ಕೇಂದ್ರಗಳೂ ಇದೇ ಟೀಕೆಗೆ ಗುರಿಯಾದುವು: ಒಳಗೆ ಬಂದವರು ಹೊರಗಿನ ಉದ್ಯೋಗಕ್ಕೆ ಹೋದುದು ಅಪರೂಪ. ನಮ್ಮ 2016ರ ಅಧಿನಿಯಮದ 34ನೆಯ ಪ್ರಕರಣವು ಸರ್ಕಾರಿ ಹುದ್ದೆಗಳಲ್ಲಿ ಶೇಕಡ 4ರಷ್ಟನ್ನು ವಿಕಲಚೇತನರಿಗೆ ಮೀಸಲಿಟ್ಟು, ಅದರಲ್ಲಿ ಶೇಕಡ 1ನ್ನು ಬೌದ್ಧಿಕ ವಿಕಲತೆ, ಸ್ವಲೀನತೆ, ಮಾನಸಿಕ ಅಸ್ವಸ್ಥತೆ ಮೊದಲಾದುವುಗಳಿಗೆ ಒಟ್ಟಾಗಿ ಹಂಚಿದೆ; ಆ ಬಾಗಿಲಿನವರೆಗೆ ನಡೆಸಿಕೊಂಡು ಹೋಗುವ ಕೆಲಸ ವಾರದ ಪಟ್ಟಿಯಲ್ಲಿ ಎಲ್ಲಿಯೂ ಕಾಣದಿದ್ದರೆ ಮೀಸಲಾತಿಯಿಂದ ಫಲವೇನು? ಎರಡನೆಯದು ಕೂಲಿಯ ಪ್ರಶ್ನೆ. ಮಾರಾಟದ ಹಣದಲ್ಲಿ ಒಂದಂಶ ಮಾಡಿದವನ ಕೈಗೆ, ಅವನ ಹೆಸರಿನ ಖಾತೆಗೆ, ಸೇರಬೇಕು. ಮೊತ್ತ ಅಲ್ಪವೆಂಬುದು ಕೊಡದಿರಲು ಕಾರಣವಾಗಲಾರದು.

ಶನಿವಾರ ಒಪ್ಪೊತ್ತಿನ ದಿನ. ಕೆಲವು ಕೇಂದ್ರಗಳಲ್ಲಿ ಅಂದು ಸದಸ್ಯರ ಸಭೆ ಸೇರಿ ಮುಂದಿನ ವಾರ ಏನು ಮಾಡಬೇಕೆಂದು ಕೇಳುವ ಪದ್ಧತಿಯಿದೆ. ಕೇಳುವುದು ಸುಲಭವಲ್ಲ. ಅಮೆರಿಕದಲ್ಲಿ ಸೀಗಲ್‌ಮನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡಂತೆ, ಬೌದ್ಧಿಕ ವಿಕಲತೆಯುಳ್ಳವರು ಸಂದೇಹ ಬಂದಾಗ ‘ಹೌದು’ ಎಂದುಬಿಡುವುದು ಹೆಚ್ಚು. ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದರೂ ‘ಹೌದು’ ಎಂದೇ ಉತ್ತರ ಬರುವುದುಂಟು. ಹಿರಿಯರ ಮುಂದೆ ‘ಇಲ್ಲ’ ಎನ್ನದಿರುವುದೇ ಸೌಜನ್ಯವೆಂದು ಬೆಳೆಸಿದ ನಮ್ಮ ಮನೆಗಳಲ್ಲಿ ಈ ಪ್ರವೃತ್ತಿ ಇನ್ನೂ ಗಾಢವಾಗಿರುವುದು ಸಂಭವನೀಯ. ‘ತೋಟಕ್ಕೆ ಹೋಗೋಣವೆ?’ ಎಂದು ಕೇಳುವುದರ ಬದಲು ಗುದ್ದಲಿಯನ್ನೂ ತಬಲವನ್ನೂ ಎದುರಿಗಿಟ್ಟು ಯಾವುದರ ಕಡೆ ಕೈ ಹೋಗುವುದೆಂದು ನೋಡುವುದು ಮೇಲು. ಮುಂದಿನ ಸಲ ಎರಡರ ಸ್ಥಾನವನ್ನೂ ಅದಲುಬದಲು ಮಾಡಿ ಮತ್ತೆ ನೋಡಬೇಕು. ಮಾತಿಲ್ಲದವರ ಮತವನ್ನು ತಿಳಿಯಲು ಬೇರೆ ದಾರಿ ಕಡಿಮೆ.

ತಂದೆತಾಯಿಗಳ ಮನಸ್ಸಿನಲ್ಲಿ ಸದಾ ಇರುವ ಪ್ರಶ್ನೆ ‘ನಮ್ಮ ಕಾಲದ ನಂತರ?’ ಎಂಬುದು. 1999ರ ನ್ಯಾಷನಲ್ ಟ್ರಸ್ಟ್ ಅಧಿನಿಯಮವು ಹದಿನೆಂಟು ವರ್ಷ ದಾಟಿದವರಿಗೆ ಪೋಷಕರನ್ನು ನೇಮಿಸುವ ಮಾರ್ಗವನ್ನು ತೋರಿಸಿತು. ಆದರೆ ಪೋಷಕನಾಗಿ ಬರುವ ಸೋದರಮಾವನೋ ಅತ್ತಿಗೆಯೋ ಎದುರಿಸಬೇಕಾಗುವುದು ಕಾಗದಪತ್ರಗಳನ್ನಲ್ಲ, ದಿನನಿತ್ಯದ ಬದುಕನ್ನು. ತನ್ನ ಅಂಗಿಯನ್ನು ತಾನೇ ಒಗೆದುಕೊಳ್ಳುವ, ಒಂದು ಹೊತ್ತಿನ ಅಡುಗೆಗೆ ಕೈಹಚ್ಚುವ, ಹಗಲು ಹೋಗಿಬರಲು ತನ್ನದೇ ಆದ ಸ್ಥಳವಿರುವ ವ್ಯಕ್ತಿಯನ್ನು ಮನೆಗೆ ಸೇರಿಸಿಕೊಳ್ಳುವುದಕ್ಕೂ, ಹಗಲಿರುಳೂ ಕಾಯಬೇಕಾದವನನ್ನು ಸೇರಿಸಿಕೊಳ್ಳುವುದಕ್ಕೂ ಅಜಗಜಾಂತರವಿದೆ. ವಾರದ ವೇಳಾಪಟ್ಟಿಯ ನಿಜವಾದ ಬೆಲೆ ತಿಳಿಯುವುದು ಬಹುಶಃ ತಾಯಿಯ ಮರಣಾನಂತರವೇ.

ಇಷ್ಟೆಲ್ಲಕ್ಕೂ ಮೊದಲು ಕೇಂದ್ರವನ್ನು ತಲಪಬೇಕಷ್ಟೆ. ಸಂಸ್ಥೆಯ ವಾಹನವಿಲ್ಲದ ಕಡೆ ದಾಖಲೆಯಲ್ಲಿ ಹೆಸರಿದ್ದರೂ ಬಾರದವರು ಹಲವರು. ಆದುದರಿಂದ ಕೆಲವು ಕೇಂದ್ರಗಳು ಬಸ್ ಪ್ರಯಾಣವನ್ನೇ ವಾರದ ಒಂದು ಪಾಠವನ್ನಾಗಿ ಮಾಡಿವೆ. ಮೊದಲು ಸಹಾಯಕರು ಪಕ್ಕದಲ್ಲಿ ಕೂರುತ್ತಾರೆ. ಕೆಲವು ವಾರಗಳ ಮೇಲೆ ಎರಡು ಸಾಲು ಹಿಂದೆ. ಅನಂತರ ಇಳಿಯುವ ನಿಲ್ದಾಣದಲ್ಲಿ ಮಾತ್ರ ಕಾದು ನಿಲ್ಲುತ್ತಾರೆ. ಅಕ್ಷರ ಬಾರದವನು ಬಸ್ಸಿನ ಅಂಕಿಯನ್ನು ಚಿತ್ರದಂತೆ ಗುರುತಿಟ್ಟುಕೊಳ್ಳುತ್ತಾನೆ. ಇಳಿಯುವ ಜಾಗವನ್ನು ಒಂದು ಅರಳಿಮರದಿಂದಲೋ ಗುಡಿಯ ಗೋಪುರದಿಂದಲೋ ತಿಳಿಯುತ್ತಾನೆ. ಇದಕ್ಕೆ ಹಲವು ತಿಂಗಳು ಹಿಡಿಯುತ್ತದೆ. ಆ ವೇಳೆಗೆ ಬಸ್ಸಿನ ಅಂಕಿ ಬದಲಾಗಿದ್ದರೆ, ಅಥವಾ ರಸ್ತೆಯ ಅಗಲೀಕರಣದಲ್ಲಿ ಅರಳಿಮರವನ್ನು ಕಡಿದಿದ್ದರೆ, ಸಹಾಯಕರು ಮತ್ತೆ ಬಂದು ಪಕ್ಕದಲ್ಲಿ ಕೂರಬೇಕಾಗುತ್ತದೆ.