ಉತ್ಖನನ ವರದಿ ಎಂಬ ಏಕೈಕ ಪ್ರತಿ

ಒಂದೇ ಪ್ರತಿಯಲ್ಲಿ ಉಳಿದುಬಂದ ಗ್ರಂಥದ ಸಂಕಟವೇನೆಂಬುದು ಹಸ್ತಪ್ರತಿಗಳ ಅಧ್ಯಯನದಲ್ಲಿ ತೊಡಗಿದವರಿಗೆ ವಿದಿತವೇ ಇದೆ. ಆ ಓಲೆಯ ಕಟ್ಟು ನಷ್ಟವಾದರೆ ಕೃತಿಯೇ ನಷ್ಟವಾದಂತೆ. ಉತ್ಖನನದ ವರದಿಯ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ನೆಲವನ್ನು ಅಗೆಯುವವನು ಮೇಲಿನ ಪದರವನ್ನು ತೆಗೆಯದೆ ಕೆಳಗಿನದನ್ನು ಕಾಣಲಾರ. ತೆಗೆದ ಪದರವನ್ನು ಮೊದಲಿನಂತೆ ಮತ್ತೆ ಜೋಡಿಸಲಾರ. ಓದಿದಂತೆಲ್ಲ ಗರಿಗಳು ಅಳಿದುಹೋಗುವ ಗ್ರಂಥದಂತಿರುತ್ತದೆ ಆ ನೆಲ. ಅಗೆದ ಭಾಗದ ಮಟ್ಟಿಗೆ, ಯಾವ ವಸ್ತು ಯಾವ ಪದರದಲ್ಲಿ ಹೇಗಿತ್ತೆಂಬುದಕ್ಕೆ ಉಳಿಯುವ ಸಾಕ್ಷ್ಯ ಬರವಣಿಗೆಯೊಂದೇ. ಆದುದರಿಂದ ವರದಿಯು ಯಾರ ಕೈಗೆ, ಎಷ್ಟು ಪೂರ್ಣವಾಗಿ ದೊರೆಯುತ್ತದೆ ಎಂಬುದು ಗಂಭೀರವಾದ ಪ್ರಶ್ನೆಯಾಗಿದೆ.

ಪ್ರಕಟಣೆಯ ಪ್ರಯೋಜನಕ್ಕೆ ಬ್ರಹ್ಮಗಿರಿಯೇ ಉತ್ತಮ ನಿದರ್ಶನ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆದು, ಪದರಗಳ ನಕ್ಷೆಗಳ ಸಹಿತ ವಿವರಗಳನ್ನು ಬೇಗನೆ ಪ್ರಕಟಿಸಿದರು. ಬೃಹತ್ ಶಿಲಾಸಮಾಧಿಗಳ ಕಾಲದ ಆರಂಭವನ್ನು ಅವರು ಕ್ರಿ.ಪೂ. 200ರ ಸುಮಾರಿಗೆ ಇಟ್ಟಿದ್ದರು. ಅನಂತರ ಹಳ್ಳೂರು ಮೊದಲಾದೆಡೆಗಳ ಇಂಗಾಲ ಕಾಲನಿರ್ಣಯವು ಕಬ್ಬಿಣದ ಬಳಕೆಯನ್ನು ಕ್ರಿ.ಪೂ. 1000ದ ಸುಮಾರಿಗೆ ಒಯ್ದಿತು. ವೀಲರರ ನಿರ್ಣಯ ಬದಲಾದರೂ ಅವರ ವರದಿ ನಿರರ್ಥಕವಾಗಲಿಲ್ಲ. ಪದರಗಳ ವಿವರ ಎಲ್ಲರ ಮುಂದಿದ್ದುದರಿಂದಲೇ ವಿದ್ವಾಂಸರು ಅದನ್ನು ಮರುಪರಿಶೀಲಿಸಲು ಶಕ್ಯರಾದರು.

ಇನ್ನು ಮಾಗಡಿ ತಾಲ್ಲೂಕಿನ ಸಾವನದುರ್ಗವನ್ನು ನೋಡೋಣ. ಅಲ್ಲಿನ ಶಿಲಾಸಮಾಧಿಗಳನ್ನು ಕುರಿತು ಬಿ. ಆರ್. ಬ್ರಾನ್‌ಫಿಲ್ ಬರೆದ ಲೇಖನವು 1881ರಲ್ಲಿ ಮುಂಬಯಿಯ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚಾಯಿತು. ಬಹುಕಾಲ ಅದನ್ನು ಓದಬೇಕಾದವರು ದೊಡ್ಡ ಗ್ರಂಥಾಲಯಗಳನ್ನೇ ಆಶ್ರಯಿಸಬೇಕಾಗಿತ್ತು. ಇಂದು ಆ ಸಂಪುಟದ ಪುಟಗಳು ಅಂತರ್ಜಾಲದಲ್ಲಿವೆ. ಬೆಟ್ಟದ ಬುಡದ ಊರಿನವರು ತಮ್ಮ ನೆಲದ ವರ್ಣನೆಯನ್ನು ಮನೆಯಲ್ಲಿಯೇ ತೆರೆದು, ಅಂದು ಕಂಡ ಕಲ್ಲುಗಳಲ್ಲಿ ಇಂದು ಯಾವುವು ಉಳಿದಿವೆ ಎಂದು ತಾಳೆ ನೋಡಬಹುದು. ಹೊಲ ಹಸನುಮಾಡುವಾಗಲೂ ಬಂಡೆ ಒಡೆಯುವಾಗಲೂ ಇಂತಹ ಕಲ್ಲುವೃತ್ತಗಳು ಸದ್ದಿಲ್ಲದೆ ಕಣ್ಮರೆಯಾಗುವುದರಿಂದ ಈ ತಾಳೆ ಅತ್ಯವಶ್ಯವಾಗಿದೆ.

ಆದರೆ ಪುಟಗಳ ಛಾಯಾಚಿತ್ರ ತೆಗೆದು ಏರಿಸಿದ ಮಾತ್ರಕ್ಕೆ ಪ್ರಕಟಣೆ ಪೂರ್ಣವಾಗದು. ಮೊದಲನೆಯ ತೊಡಕು ಹೆಸರುಗಳದು. ಶಾಸನಸಂಪುಟಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದ 9ನೆಯ ಸಂಪುಟ 1905ರಲ್ಲಿ ಹೊರಬಂದಾಗ ಈ ಭಾಗದ ಶಾಸನಗಳು ಬೆಂಗಳೂರು ಜಿಲ್ಲೆಯ ಹೆಸರಿನಲ್ಲಿ ಸೇರಿದವು. ಕನಕಪುರ ಅಂದು ಕಾನಕಾನಹಳ್ಳಿ. ರಾಮನಗರ ಅಂದು ಕ್ಲೋಸ್‌ಪೇಟೆ. ಮಾಗಡಿ, ಚನ್ನಪಟ್ಟಣಗಳು ಹೆಸರು ಉಳಿಸಿಕೊಂಡರೂ ಜಿಲ್ಲೆ ಬದಲಾಯಿತು: 2007ರಲ್ಲಿ ರಾಮನಗರ ಜಿಲ್ಲೆ ರಚಿತವಾಗಿ, 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ಇಂದಿನ ಹೆಸರಿನಿಂದ ಹುಡುಕುವವನಿಗೆ ಹಳೆಯ ಪುಟ ಸಿಗಬೇಕಾದರೆ ಎರಡನ್ನೂ ಕೂಡಿಸುವ ಸೂಚಿ ಇರಲೇಬೇಕು.

ಎರಡನೆಯದು ಚಿತ್ರಫಲಕಗಳ ವಿಷಯ. ಮಡಿಸಿಟ್ಟ ನಕ್ಷೆಯನ್ನು ಬಿಚ್ಚದೆ ಪ್ರತಿಮಾಡಿದರೆ ಪದರಗಳ ಅಡ್ಡಕೊಯ್ತವೇ ಲುಪ್ತವಾಗುತ್ತದೆ. ಇದು ಲಿಪಿಕಾರನು ಗರಿಯೊಂದನ್ನು ಬಿಟ್ಟು ಮುಂದೆ ಬರೆದಂತೆ. ಮೂರನೆಯದು ಸ್ಥಿರತೆ. ಇಂದು ದೊರೆತ ವಿಳಾಸ ನಾಳೆ ಬರಿದಾದರೆ ಅದನ್ನು ಉಲ್ಲೇಖಿಸಿದ ಸಂಶೋಧಕನ ಮಾತಿಗೆ ಆಧಾರವಿಲ್ಲದಂತಾಗುತ್ತದೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಆರಂಭವಾದ ಪುರಾತತ್ತ್ವ ದತ್ತಾಂಶ ಭಂಡಾರವು ಅಚ್ಚಾಗದ ವರದಿಗಳಿಗೂ ಸ್ಥಿರವಾದ ಗುರುತುಸಂಖ್ಯೆ ಕೊಟ್ಟು ಕಾಪಾಡುತ್ತಿದೆ.

ನಮ್ಮಲ್ಲಿಯೂ ಸತ್ಕಾರ್ಯಗಳು ನಡೆದಿವೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ವಾರ್ಷಿಕ ಸಮೀಕ್ಷೆಗಳು ಅಂತರ್ಜಾಲದಲ್ಲಿ ದೊರೆಯುತ್ತವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ದಾಖಲಿಸುವ ಕೆಲಸ ಕೈಗೊಂಡಿದೆ. ಆದರೆ ವಾರ್ಷಿಕ ಸಮೀಕ್ಷೆಯ ಕೆಲವು ಸಾಲುಗಳು ಪೂರ್ಣ ವರದಿಯ ಸ್ಥಾನವನ್ನು ತುಂಬಲಾರವು. ಅಗೆದವರು ತಮ್ಮ ದಿನಚರಿ, ನಕ್ಷೆ, ವಸ್ತುಪಟ್ಟಿಗಳನ್ನು ತಮ್ಮ ಜೀವಿತಾವಧಿಯಲ್ಲಿಯೇ ಪ್ರಕಟಿಸುವುದು ವಿದ್ವತ್ತಿನ ಋಣ. ಆ ಋಣ ತೀರದೆ ಉಳಿದರೆ, ಓದುವ ಮೊದಲೇ ಸುಟ್ಟ ಗ್ರಂಥಕ್ಕೂ ಅಗೆದು ಬರೆಯದೆ ಬಿಟ್ಟ ನೆಲಕ್ಕೂ ಅಂತರವಿರುವುದಿಲ್ಲ.