ಶ್ರುತಿ ತಪ್ಪಿದ್ದು ಎಲ್ಲಿ?

ಹಳೆಯ ಜಾಝ್ ರೆಕಾರ್ಡುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವವರು ನಿಮ್ಮಲ್ಲೂ ಇರಬಹುದು. ನಮ್ಮ ಯಜಮಾನರು ಅಂಥವರೇ. ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ಮುಟ್ಟಲು ನನಗೂ ಅಪ್ಪಣೆ ಬೇಕಿತ್ತು! ಅವರು ಹೋದ ಮೇಲೆ ಎರಡು ವರ್ಷ ನಾನೂ ಅದನ್ನು ಹೊರತೆಗೆಯಲಿಲ್ಲ.

ಕಳೆದ ತಿಂಗಳು ಚೆಂಬೂರಿನಿಂದ ಅವರ ಸ್ನೇಹಿತರು, ಅದೇ ರೆಕಾರ್ಡ್ ಹುಚ್ಚಿನವರು, ಅದೇ ಆಲ್ಬಮ್ಮಿನ ಸಿ.ಡಿ. ಹಿಡಿದು ಬಂದರು. “ಅತ್ತಿಗೆ, ಎರಡನ್ನೂ ಕೇಳಿ ನೋಡೋಣ” ಎಂದರು. ಮೊದಲನೆಯದು ‘ಸೋ ವಾಟ್’. ಚಿಕ್ಕಂದಿನಲ್ಲಿ ತಂಬೂರಿ ಮುಂದೆ ಕೂತ ಕಿವಿ ನನ್ನದು, ನಮ್ಮ ಎಲ್.ಪಿ.ಯ ಶ್ರುತಿ ಒಂದೆಳೆ ಮೇಲಿದೆ ಅನ್ನಿಸಿತು. ಪ್ಲೇಯರ್ ಕೆಟ್ಟಿತೇ ಎಂದು ಗಾಬರಿ. ತಿರುವಿ ಹಾಕಿದರೆ ಎರಡನೆಯ ಬದಿ ಸರಿಯಾಗಿಯೇ ಇದೆ!

ಅವರು ನಕ್ಕು ವಿವರಿಸಿದರು. ಮೊದಲ ಬದಿ ನ್ಯೂಯಾರ್ಕಿನಲ್ಲಿ 1959ರ ಮಾರ್ಚ್ 2ರಂದು ಮುದ್ರಣವಾದದ್ದು. ಅಂದು ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ಅದನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ ಶ್ರುತಿ ಏರಿಬಿಟ್ಟಿತು. ಎರಡನೆಯ ಬದಿ ಏಪ್ರಿಲ್ 22ರದು, ಅದಕ್ಕೆ ಆ ದೋಷವಿಲ್ಲ. ತಿದ್ದಿದ್ದು 1992ರ ಸಿ.ಡಿ.ಯಲ್ಲಿ.

ನಮ್ಮವರು ಇಷ್ಟು ವರ್ಷ ಮೆಚ್ಚಿ ಕೇಳಿದ್ದು ಆ ಏರಿದ ಶ್ರುತಿಯನ್ನೇ. ನನಗಂತೂ ಈಗಲೂ ಅದೇ ಸರಿ. ಆದರೂ ಎಲ್.ಪಿ.ಯನ್ನು ಒಂದು ವಾರಕ್ಕೆಂದು ಅವರ ಕೈಗೆ ಕೊಟ್ಟು, ಸಿ.ಡಿ.ಯನ್ನು ಇಟ್ಟುಕೊಂಡೆ. ನಿಮ್ಮಲ್ಲಿ ಹಳೆಯ ಪ್ರತಿ ಇದ್ದರೆ ಮೊದಲ ಬದಿ ಹಾಕಿ ಕೇಳಿ; ನಾನು ಬಂದು ಕೂರುತ್ತೇನೆ, ಕಾಫಿ ಮಾತ್ರ ನಿಮ್ಮದು.