ಅಮ್ಮ ಕೊಟ್ಟ ಗುಲಾಬಿಗೆ ತುಂಬೆಯ ಜೊತೆ

ಹಾಸನದ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಪನ್ನೀರು ಗುಲಾಬಿ ಗಿಡವಿದೆ. 1984ರಲ್ಲಿ ನಾನು ಮದುವೆಯಾಗಿ ಬರುವಾಗ ಅಮ್ಮ ತವರಿನ ಗಿಡದಿಂದ ಕತ್ತರಿಸಿ ಕೊಟ್ಟ ಕಡ್ಡಿ ಅದು. ಅಮ್ಮ ಈಗಿಲ್ಲ, ತವರಿನ ಆ ಮನೆಯೂ ಇಲ್ಲ. ಅದಕ್ಕೇ, ಮೂರು ವರ್ಷದ ಹಿಂದೆ ಚಳಿಗಾಲದಲ್ಲಿ ಅದರ ಚಿಗುರೆಲ್ಲ ಮುರುಟಿಕೊಂಡಾಗ ನನಗೆ ನಿದ್ದೆ ಬರಲಿಲ್ಲ.

ಮೊಗ್ಗಿನ ತೊಟ್ಟಿನ ತುಂಬ ಹಸಿರು ಹೇನು. ಇವು ಗಿಡದ ರಸ ಹೀರಿ ಸಿಹಿ ಅಂಟನ್ನು ಹೊರಬಿಡುತ್ತವೆ. ಆ ಸಿಹಿಯ ಆಸೆಗೆ ಇರುವೆಗಳು ದನ ಕಾಯುವವರ ಹಾಗೆ ಅವನ್ನು ಕಾಯುತ್ತವೆ! ಅಂಗಡಿಯಿಂದ ಔಷಧಿ ತಂದು ಹೊಡೆದೆ. ಹೇನು ಉದುರಿತು, ಹದಿನೈದೇ ದಿನಕ್ಕೆ ಮತ್ತೆ ಬಂತು. ಬುಡದಲ್ಲಿ ನಾಲ್ಕಾರು ಗುಲಗಂಜಿ ಹುಳುಗಳು ಮಾತ್ರ ಸತ್ತು ಬಿದ್ದಿದ್ದವು. ಹೇನನ್ನು ತಿನ್ನುವವರನ್ನೇ ನಾನು ಕೊಂದಿದ್ದೆ.

ಆಗ ಮೊಮ್ಮಗಳು ಕೇಳಿದಳು: “ಅಜ್ಜೀ, ಶಿವರಾತ್ರಿಗೆ ತುಂಬೆ ಹೂ ಬೇಕು ಅಂತ ಊರೆಲ್ಲ ಹುಡುಕ್ತೀಯ. ಹಿತ್ತಿಲಲ್ಲಿ ಹುಟ್ಟಿದ್ರೆ ಕಳೆ ಅಂತ ಕೀಳ್ತೀಯಲ್ಲ, ಯಾಕೆ?”

ಉತ್ತರ ಹೊಳೆಯಲಿಲ್ಲ. ಮುಂದಿನ ಮಳೆಗಾಲದಲ್ಲಿ ಹುಟ್ಟಿದ ತುಂಬೆಯನ್ನು ಹಾಗೇ ಬಿಟ್ಟೆವು.

ಮಕ್ಕಳೇ, ಗುಲಾಬಿಗೆ ಜೇನು ಬರುವುದು ಹೆಚ್ಚಾಗಿ ಪರಾಗಕ್ಕೆ, ಮಕರಂದಕ್ಕಲ್ಲ. ದಳ ತುಂಬಿದ ಕಸಿ ಗುಲಾಬಿಯಲ್ಲಂತೂ ಎಷ್ಟೋ ಕೇಸರಗಳೇ ದಳಗಳಾಗಿಬಿಟ್ಟಿರುತ್ತವೆ. ತುಂಬೆ ಹಾಗಲ್ಲ. ಅದರ ಪುಟ್ಟ ಬಿಳಿ ಹೂವನ್ನು ಕಿತ್ತು ನಾವು ಚಿಕ್ಕಂದಿನಲ್ಲಿ ಸಿಹಿ ಚೀಪುತ್ತಿದ್ದೆವು. ಆ ಸಿಹಿಗೆ ಜೇನು ಬಂತು, ಚಿಟ್ಟೆ ಬಂತು, ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಪಟ್ಟೆಪಟ್ಟೆಯ ನೊಣವೂ ಬಂತು. ಈ ನೊಣದ ಮರಿಹುಳುಗಳಿಗೆ ಹೇನೆಂದರೆ ಹಬ್ಬದೂಟ. ಗುಲಗಂಜಿ ಹುಳುಗಳೂ ಮರಳಿದವು. ಅವುಗಳ ಮರಿ ನೋಡಿದ್ದೀರಾ? ಕಪ್ಪು ಮೈ, ಕಿತ್ತಳೆ ಚುಕ್ಕೆ, ಚೋಟುದ್ದವೂ ಇಲ್ಲದ ಮೊಸಳೆ! ಹೆದರಿ ಹೊಸಕಬೇಡಿ.

ಹೇನು ಪೂರ್ತಿ ಹೋಗಿಲ್ಲ. ಆದರೆ ಔಷಧಿಯ ಡಬ್ಬಿಯನ್ನು ನಾನು ಮತ್ತೆ ಮುಟ್ಟಿಲ್ಲ.

ಈಗ ಗುಲಾಬಿಯ ಮುಂದೆ ನೆಲಕ್ಕೆ ಹರಡುವ ನೀಲಿ ವಿಷ್ಣುಕ್ರಾಂತಿ ಇದೆ, ಹಿಂದೆ ಸ್ಫಟಿಕದ ಹೂವಿನ ಗಿಡ. ಬುಡದಿಂದ ಒಂದು ಮೊಳ ಜಾಗವನ್ನು ಖಾಲಿ ಬಿಟ್ಟಿದ್ದೇವೆ. ಗಾಳಿಯಾಡದಿದ್ದರೆ ಗುಲಾಬಿ ಎಲೆಗೆ ಕಪ್ಪು ಚುಕ್ಕೆ ರೋಗ ಬರುತ್ತದೆ, ಗೊಬ್ಬರವನ್ನೂ ನೆರೆಯವರೇ ತಿಂದುಬಿಡುತ್ತಾರೆ. ಅಗ್ನಿಶಿಖೆಯ ಬಳ್ಳಿ ಹಬ್ಬಿಸುವ ಆಸೆಯೂ ಇತ್ತು. ಅದರ ಗೆಡ್ಡೆ ವಿಷ, ಮನೆಯಲ್ಲಿ ಪುಟ್ಟ ಮಗುವಿದೆ, ಬೇಡವೆಂದೆ.

“ಗುಲಾಬಿ ಪರದೇಶದ್ದು, ಅದಕ್ಕೇಕೆ ನಾಡಗಿಡದ ಜೊತೆ?” ಎಂದರು ಇವರು. ನೀಲಗಿರಿ, ಪಳನಿ ಬೆಟ್ಟಗಳಲ್ಲಿ ಬಿಳಿ ಹೂವಿನ ಕಾಡುಗುಲಾಬಿ ತಾನಾಗಿಯೇ ಬೆಳೆಯುತ್ತದೆ ಎಂದೆ. ಸುಮ್ಮನಾದರು.

ಕಳೆದ ತಿಂಗಳು ಅಮ್ಮನ ಗಿಡದಿಂದ ಒಂದು ಕಡ್ಡಿ ಕತ್ತರಿಸಿ ಮೊಮ್ಮಗಳಿಗೆ ಕುಂಡದಲ್ಲಿ ನೆಟ್ಟುಕೊಟ್ಟೆ. ಎರಡು ಚಿಗುರು ಬಂದಿದೆ. ಪಕ್ಕದ ಕುಂಡದಲ್ಲಿ ತುಂಬೆಯ ಬೀಜವನ್ನು ಅವಳೇ ಉದುರಿಸಿದ್ದಾಳೆ.